ಪೈಪಿನ ಲೆನ್ಸ್ ತೊಟ್ಟ ಗಾಜು

ಜೇನುನೊಣಕ್ಕೆ ಕಂಡು ಮನುಷ್ಯರಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ಹೂವಿನ ಚಿತ್ರ ತೆಗೆಯಬೇಕೆಂಬುದು ಮಂದಾಕಿನಿಯ ಹಟ. ಅದಕ್ಕೆಂದು ಸ್ಫಟಿಕದ ಬಿಲ್ಲೆಯೊಂದನ್ನು ಕೈಯಾರೆ ಉಜ್ಜಿ, ನೀರಿನ ಪೈಪಿನ ತುಂಡಿಗೆ ಕೂರಿಸಿ, ಆ ಬೆಳಕನ್ನು ಮಾತ್ರ ಹಿಡಿಯುವ ತನ್ನ ಕ್ಯಾಮೆರಾಕ್ಕೆ ಲೆನ್ಸ್ ಮಾಡಿದಳು.

ಕಪಾಟಿನಲ್ಲಿದ್ದ ಅಂಗಡಿಯ ಲೆನ್ಸ್ ಅದನ್ನು ನೋಡಿ, "ಬರಿಮೈಯಲ್ಲಿ ಹೊರಟೆಯಾ? ಧೂಳು ಬಿದ್ದು ಹಾಳಾಗುತ್ತೀಯೆ. ನನ್ನ ಮುಚ್ಚುಗಾಜನ್ನು ಹಾಕಿಕೋ. ನಾಲ್ಕು ಜನರ ಮುಂದೆ ಮರ್ಯಾದೆಯಾಗಿ ಕಾಣುತ್ತೀಯೆ" ಎಂದಿತು.

ಪೈಪಿನ ಲೆನ್ಸಿಗೆ ಆಸೆಯಾಯಿತು. ಅಷ್ಟರಲ್ಲಿ ಮಂದಾಕಿನಿ ಬಂದು, ಎಂದಿನ ಅಭ್ಯಾಸದಂತೆ ಆ ಗಾಜನ್ನೇ ಅದಕ್ಕೆ ತೊಡಿಸಿ ಹಿತ್ತಲಿಗೆ ಒಯ್ದಳು. ಸೂರ್ಯಕಾಂತಿಯ ಮುಂದೆ ಹಿಡಿದು ಚಿತ್ರ ತೆಗೆದರೆ, ಬಂದದ್ದು ಬರೀ ಕತ್ತಲೆ.

ಹೂವಿನ ಮೇಲಿದ್ದ ಜೇನುನೊಣ ನಕ್ಕಿತು. "ಇಷ್ಟು ಬೆಳಕಿದೆ, ನಿನಗೇನೂ ಕಾಣದೇ?"

"ಈ ಗಾಜು ಹಾಕಿಕೊಂಡ ಮೇಲೆ ಏನೂ ಕಾಣುತ್ತಿಲ್ಲ" ಎಂದಿತು ಲೆನ್ಸ್.

ಮಂದಾಕಿನಿ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಬುದ್ಧಿಗಿಷ್ಟು! ಈ ಗಾಜು ಮಾಡಿರೋದೇ ನೇರಳಾತೀತ ಬೆಳಕನ್ನು ತಡೆಯೋಕಲ್ವಾ!"

ಗಾಜು ತೆಗೆದಳು. ಈ ಸಲ ಹೂವು ಬಂದಿತು: ಎಸಳುಗಳ ತುದಿಯೆಲ್ಲ ಬೆಳ್ಳಗೆ, ನಡುವೆ ಕಾಡಿಗೆ ತೀಡಿದಂಥ ಅಗಲವಾದ ಕಪ್ಪು ಬಳೆ.

"ಇದೇ ನಮ್ಮ ಹೂವು! ನಾವು ದಿನವೂ ಇಳಿಯುವುದು ಆ ಬಳೆಯೊಳಕ್ಕೇ" ಎಂದು ಜೇನುನೊಣ ಕುಣಿಯಿತು.

ಕಪಾಟಿಗೆ ಮರಳಿದಾಗ ಅಂಗಡಿಯ ಲೆನ್ಸ್ ಮುಖ ಸಿಂಡರಿಸಿತು. "ಮೈಯೆಲ್ಲ ಧೂಳು!"

"ಇರಲಿ ಅಣ್ಣಾ, ಒರೆಸಿದರೆ ಹೋಗುತ್ತದೆ" ಎಂದಿತು ಪೈಪಿನ ಲೆನ್ಸ್. "ಕುರುಡಾಗಿ ಮಿಂಚಲೆಂದು ಅವಳು ನನ್ನನ್ನು ಉಜ್ಜಲಿಲ್ಲ."