ಬಿರಡೆ ಹಾಕಿದ ಡಬ್ಬಿ

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯಜ್ಜನ ಆಶ್ರಮ. ನಾಲ್ಕು ಕೋಣೆ, ಒಂದು ಬೇವಿನ ಮರ, ಒಂದು ಹಳೇ ಮೋಟಾರ್‌ಸೈಕಲ್ಲು. ಆ ಬಂಡಿಯನ್ನು ಯಾವನೋ ಭಕ್ತ ಬಿಟ್ಟುಹೋಗಿದ್ದ. ಭಕ್ತಿ ಹೆಚ್ಚಾಗಿ ಬಿಟ್ಟನೋ, ಅದರ ಕಾಟ ತಾಳಲಾರದೆ ಬಿಟ್ಟನೋ, ಯಾರೂ ಕೇಳಲಿಲ್ಲ.

ಅದನ್ನು ನೋಡಿಕೊಳ್ಳುವವನು ಶಿಷ್ಯ ಯಮನಪ್ಪ. ವಯಸ್ಸು ನಲವತ್ತು ದಾಟಿತ್ತು. ಆಶ್ರಮಕ್ಕೆ ಬಂದು ಒಂಬತ್ತು ವರ್ಷ.

ಅವನಿಗಿದ್ದ ಆಸೆ ಒಂದೇ, ಅಜ್ಜನ ಕೈಯಿಂದ ದೀಕ್ಷೆ. ಪ್ರತಿ ವರ್ಷ ದವನದ ಹುಣ್ಣಿಮೆಗೆ ಅಜ್ಜ ಒಬ್ಬರಿಗೆ ದೀಕ್ಷೆ ಕೊಡುತ್ತಿದ್ದರು. ಯಮನಪ್ಪನ ಆಮೇಲೆ ಬಂದವರಿಗೂ ಸಿಕ್ಕಿತ್ತು, ಅವನಿಗೆ ಮಾತ್ರ ಇಲ್ಲ.

ಅಲ್ಲೊಂದು ಪದ್ಧತಿ ಇತ್ತು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಹೊಳೆಯ ಮೆಟ್ಟಿಲ ಮೇಲೆ ಕೂತು, ತಮ್ಮೊಳಗೆ ಎದ್ದ ಕೆಟ್ಟದ್ದನ್ನು ಒಬ್ಬೊಬ್ಬರಾಗಿ ಹೇಳಬೇಕು. ಯಾರೂ ಬೈಯುವಂತಿಲ್ಲ, ಬುದ್ಧಿ ಹೇಳುವಂತೆಯೂ ಇಲ್ಲ. ಅಡುಗೆಯ ನಾಗವ್ವ ದಿನಾ ಯಾರಿಗೆ ಎಷ್ಟು ಶಾಪ ಹಾಕಿದೆ ಅಂತ ಒಪ್ಪಿಸಿ, ಹಗುರಾಗಿ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ಯಮನಪ್ಪನ ಸರದಿ ಬಂದಾಗ ಒಂದೇ ಮಾತು.

"ಏನೂ ಇಲ್ರೀ ಅಜ್ಜಾರ."

ಒಂಬತ್ತು ವರ್ಷ ಏನೂ ಇಲ್ಲ ಅಂದರೆ ನಂಬುವುದಾದರೂ ಹೇಗೆ, ನೀವೇ ಹೇಳಿ. ಅಜ್ಜ ಹೂಂ ಅಂದು ಮುಂದಿನವರ ಕಡೆ ತಿರುಗುತ್ತಿದ್ದರು.

ಬಂಡಿಗೂ ಒಂದು ಚಾಳಿ ಇತ್ತು. ಎಂಜಿನ್ನಿಗೆ ಉಸಿರು ಬಿಡುವ ಪೈಪೊಂದು ಇರುತ್ತದೆ, ಮೆಕ್ಯಾನಿಕ್ಕುಗಳು ಬ್ರೀದರ್ ಅನ್ನುತ್ತಾರೆ. ಒಳಗಿನ ಬಿಸಿ ಗಾಳಿ ಅದರಿಂದ ಹೊರಗೆ ಬರುತ್ತದೆ. ಹಳೇ ಎಂಜಿನ್ನಾದ್ದರಿಂದ ಗಾಳಿಯ ಜೊತೆ ಎಣ್ಣೆಯೂ ಬಂದು, ನಾಗವ್ವ ಸಾರಿಸಿದ ಅಂಗಳದಲ್ಲಿ ತೊಟ್ಟಿಕ್ಕುತ್ತಿತ್ತು. ಅವಳ ಬಾಯಿಗೆ ಹೆದರಿ ಯಮನಪ್ಪ ದಿನಕ್ಕೆರಡು ಸಲ ಅಂಗಳ ಒರೆಸುತ್ತಿದ್ದ.

ಹುಣ್ಣಿಮೆಗೆ ಆರು ದಿನ ಇತ್ತು. ದೀಕ್ಷೆ ನಡೆಯುವುದು ಅದೇ ಅಂಗಳದಲ್ಲಿ. ಈ ಸಲವಾದರೂ ಅಜ್ಜನ ಕಣ್ಣಿಗೆ ಒಂದು ಕಲೆ ಬೀಳಬಾರದು ಅಂತ ಯಮನಪ್ಪ ಗಟ್ಟಿ ಮನಸ್ಸು ಮಾಡಿದ.

ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಹುಡುಕಿದ. ಅದಕ್ಕೆ ಎರಡು ತೂತು ಕೊರೆದ. ಒಂದಕ್ಕೆ ಎಂಜಿನ್ನಿನ ಉಸಿರು ಪೈಪು ಸಿಕ್ಕಿಸಿದ, ಇನ್ನೊಂದನ್ನು ಹಾಗೇ ಬಿಟ್ಟ. ಒಳಗೆ ಪಾತ್ರೆ ತಿಕ್ಕುವ ತಂತಿಯ ಜುಂಗು ತುರುಕಿ, ಡಬ್ಬಿಯನ್ನು ಸೀಟಿನ ಕೆಳಗೆ ಕಟ್ಟಿದ.

ಅಜ್ಜ ಬಂದು ಕುಕ್ಕರಗಾಲಿನಲ್ಲಿ ಕೂತರು. ಎಪ್ಪತ್ತೆಂಟರ ಮುದುಕರಿಗೆ ಎಲ್ಲವೂ ತಿಳಿಯಬೇಕು. ಜುಂಗು ಯಾಕೆ, ಡಬ್ಬಿ ಕಾಯುವುದಿಲ್ಲವೇ, ಹೀಗೆ ಕೇಳಿದ್ದೇ ಕೇಳಿದ್ದು. ಎಣ್ಣೆ ಜುಂಗಿಗೆ ಅಂಟಿ ಕೆಳಗೆ ಇಳಿಯುತ್ತದೆ, ಬರೀ ಗಾಳಿ ಹೋಗುತ್ತದೆ ಅಂತ ಯಮನಪ್ಪ ತಾಳ್ಮೆಯಿಂದ ಹೇಳಿದ.

"ಈ ಎರಡನೇ ತೂತು?"

"ಗಾಳಿ ಹೊರಗ ಹೋಗಾಕ್ರೀ."

ಮೂರು ದಿನ ಅಂಗಳ ಚೊಕ್ಕಟವಾಗಿತ್ತು. ನಾಲ್ಕನೆಯ ದಿನ ಅಜ್ಜ ತಾವೇ ಹೋಗಿ ಮುಚ್ಚಳ ಬಿಚ್ಚಿದರು. ತಳದಲ್ಲಿ ಬೂದು ಬಣ್ಣದ, ಬೆಣ್ಣೆಯಂಥ ಗಲೀಜು. ಯಮನಪ್ಪ ನಾಚಿಕೊಂಡು ಡಬ್ಬಿ ಕಸಿದುಕೊಳ್ಳಲು ಹೋದ.

ಅಜ್ಜ ಕೊಡಲಿಲ್ಲ. ಬೆರಳಿಂದ ಮುಟ್ಟಿದರು, ಮೂಸಿದರು.

"ಇದು ದಿನಾ ಬರತೈತೇನು?"

"ಹಳೇ ಎಂಜಿನ್ ರೀ. ಬರೂದ."

"ಚೆಲೋ ಆತು ಬಿಡು, ನೋಡಾಕ ಸಿಕ್ಕಿತು," ಅಂದು ಅಜ್ಜ ಕೈ ತೊಳೆಯಲು ಹೋದರು.

ಯಮನಪ್ಪನಿಗೆ ಆ ಮಾತು ಸರಿ ಕಾಣಲಿಲ್ಲ. ಗಲೀಜಿನಲ್ಲಿ ನೋಡುವಂಥದ್ದೇನಿದೆ? ಸಾಲದ್ದಕ್ಕೆ ಎರಡನೆಯ ತೂತಿನ ಸುತ್ತ ಎಣ್ಣೆಯ ಪಸೆ ಹತ್ತಿತ್ತು, ಸುಟ್ಟ ವಾಸನೆಯೂ ಬರುತ್ತಿತ್ತು. ಹುಣ್ಣಿಮೆಗೆ ಎರಡೇ ದಿನ. ಬೇವಿನ ಕಡ್ಡಿ ಕೆತ್ತಿ ಬಿರಡೆ ಮಾಡಿದ, ತೂತಿಗೆ ಬಡಿದು ಬಿಗಿದ. ಪಸೆಯಿಲ್ಲ, ವಾಸನೆಯಿಲ್ಲ. ಡಬ್ಬಿ ಹೊಸದರಂತೆ ಫಳಫಳ ಹೊಳೆಯಿತು.

ಮರುದಿನ ಬೆಳಿಗ್ಗೆ ಕಾಯಿಲೆ ಬಿದ್ದ ಭಕ್ತನೊಬ್ಬನನ್ನು ನೋಡಲು ಅಜ್ಜ ಹೊರಟರು. ಹತ್ತು ಮೈಲಿ ದಾರಿ. ಯಮನಪ್ಪ ಬಂಡಿ ಓಡಿಸಿದ, ಅಜ್ಜ ಹಿಂದೆ ಕೂತರು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ, ಆಶ್ರಮ ಇನ್ನೂ ಎರಡು ಮೈಲಿ ಇದೆ ಅನ್ನುವಾಗ, ಕೆಳಗೆ ಏನೋ ಚಿಮ್ಮಿತು. ಬಂಡಿ ನಿಲ್ಲಿಸಿ ನೋಡಿದರೆ ಚೈನು, ಹಿಂದಿನ ಗಾಲಿ, ಅಜ್ಜನ ಬಿಳೀ ಧೋತರ, ಎಲ್ಲಾ ಕರೀ ಎಣ್ಣೆ.

ಈ ವರ್ಷದ ದೀಕ್ಷೆಯೂ ಹೋಯಿತು ಅಂತ ಯಮನಪ್ಪನ ಮನಸ್ಸು ಆಗಲೇ ಹೇಳಿಬಿಟ್ಟಿತು.

ಅಜ್ಜನಿಗೆ ಧೋತರದ ಚಿಂತೆ ಇರಲಿಲ್ಲ. ಎಲ್ಲಿಂದ ಬಂತು ಅಂತ ಬಗ್ಗಿ ಹುಡುಕುತ್ತಿದ್ದರು. ಚೈನಿನ ಹತ್ತಿರ ಎಣ್ಣೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲು, ಕಿತ್ತು ಹೊರಗೆ ಬಂದಿದೆ ಅಂತ ಯಮನಪ್ಪ ತೋರಿಸಿದ. ಅದು ತಾನಾಗೇ ಬರುತ್ತದೆಯೇ ಅಂತ ಅಜ್ಜ ಕೇಳಿದರು. ಇಲ್ಲ, ಒಳಗಿನಿಂದ ನೂಕಿದರೆ ಮಾತ್ರ ಅಂದ. ನೂಕಿದ್ದು ಯಾವುದು ಅಂದರು.

ಯಮನಪ್ಪನ ಕಣ್ಣು ಸೀಟಿನ ಕೆಳಗಿನ ಡಬ್ಬಿಯ ಕಡೆ ಹೋಯಿತು.

ಅಜ್ಜ ಡಬ್ಬಿ ತಡವಿದರು. ಬಿರಡೆ ಸಿಕ್ಕಿತು. ಹಿಡಿದು ಅಲ್ಲಾಡಿಸಿ ಕಿತ್ತರು. ಗಲೀಜು ಕಟ್ಟಿ ಡಬ್ಬಿಯಲ್ಲೇ ಸಿಕ್ಕಿಕೊಂಡಿದ್ದ ಗಾಳಿ ಸುಯ್ ಅಂತ ಬಂತು. ಅಜ್ಜ ಅದು ಮುಗಿಯುವ ತನಕ ಕಿವಿಗೊಟ್ಟು ಕೂತರು.

"ಇದನ್ನ್ಯಾಕ ಬಡದಿ?"

"ಹೊಲಸ ಕಾಣಬಾರದಂತ್ರೀ."

"ಯಾರಿಗೆ?"

"ನಿಮಗ್ರೀ."

ಅಜ್ಜ ಬಿರಡೆಯನ್ನು ಬೇಲಿಯಾಚೆ ಎಸೆದು, ನಡಿ ಅಂದರು. ಯಮನಪ್ಪ ಹ್ಯಾಂಡಲ್ ಹಿಡಿದ, ಅಜ್ಜ ಹಿಂದಿನಿಂದ ಕೈ ಕೊಟ್ಟರು. ಇಬ್ಬರೂ ಬಿಸಿಲಿನಲ್ಲಿ ಬಂಡಿ ತಳ್ಳುತ್ತ ಹೊರಟರು.

ಅರ್ಧ ಮೈಲಿ ತಳ್ಳಿದರು. ಆಮೇಲೆ ಯಮನಪ್ಪ ಹಿಂದೆ ತಿರುಗದೇ ಶುರುಮಾಡಿದ.

ಆಶ್ರಮಕ್ಕೆ ಬಂದ ಎರಡನೆಯ ವರ್ಷ. ಊರಿನವನೊಬ್ಬ ಸಂತೆಗೆ ಬಂದವನು ಹೊಳೆಯ ಹತ್ತಿರ ಸಿಕ್ಕು, ನಿನ್ನ ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನ ಹೆಸರೇ ಹಿಡಿದು ಕರೆಯುತ್ತಿದ್ದಾಳೆ ಅಂದಿದ್ದ. ಒಂದು ಹಗಲಿನ ದಾರಿ ಅಷ್ಟೇ. ಯಮನಪ್ಪ ಹೋಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಇಪ್ಪತ್ತು ದಿನಕ್ಕೆ ಅವಳು ಸತ್ತ ಸುದ್ದಿ ಬಂತು. ಅದನ್ನೂ ಹೇಳಲಿಲ್ಲ.

"ನಾ ಯಾಕ ಹೋಗಲಿಲ್ಲ ಗೊತ್ತೇನ್ರೀ ಅಜ್ಜಾರ," ಅಂದ. "ಇವನಿಗೆ ಮನಿ ಮೋಹ ಹರದೈತಿ ಅಂತ ನೀವು ತಿಳೀಲಿ ಅಂತ. ಹೋದ್ರ ದೀಕ್ಷಾ ತಪ್ಪತೈತಿ ಅಂತ."

ಅಷ್ಟು ಹೇಳುವಷ್ಟರಲ್ಲಿ ಬಂಡಿ ನಿಂತುಬಿಟ್ಟಿತು. ನಲವತ್ತು ದಾಟಿದ ಗಂಡಸು ಹ್ಯಾಂಡಲ್ ಮೇಲೆ ತಲೆಯಿಟ್ಟು ದುಃಖಿಸಿ ದುಃಖಿಸಿ ಅತ್ತ. ಏಳು ವರ್ಷದ ಅಳು, ಬೇಗ ಮುಗಿಯಲಿಲ್ಲ.

ಅಜ್ಜ ಅವನನ್ನು ಸಮಾಧಾನ ಮಾಡಲಿಲ್ಲ. ಬಂಡಿ ಬೀಳದ ಹಾಗೆ ಹಿಂದಿನಿಂದ ಹಿಡಿದುಕೊಂಡು ನಿಂತಿದ್ದರು. ಅವರ ಕಣ್ಣೂ ತುಂಬಿತ್ತು.

ಅಳು ನಿಂತ ಮೇಲೆ ಕೇಳಿದರು.

"ಅವ್ವನ ಹೆಸರೇನು?"

"ಕಾಶವ್ವ."

"ಏನ ಮಾಡತಿದ್ಲು?"

ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು ಅಂದ. ಇವನು ಆಶ್ರಮಕ್ಕೆ ಬರುವಾಗ ಒಂದು ಕೊಟ್ಟಿದ್ದಳು. ಅದನ್ನೂ ಮೋಹ ಅಂತ ದಾರಿಯಲ್ಲೇ ಯಾರಿಗೋ ಕೊಟ್ಟುಬಿಟ್ಟಿದ್ದ.

ಯಮನಪ್ಪ ಮುಖ ಒರೆಸಿಕೊಂಡ. ಇನ್ನು ತನಗೆ ದೀಕ್ಷೆಯ ಮಾತೇ ಬೇಡ ಅಂದ. ಬಂಡಿಯನ್ನು ಆಶ್ರಮಕ್ಕೆ ಮುಟ್ಟಿಸಿ, ಕಾಲಿಗೆ ಬಿದ್ದು, ಸಂಜೆಯೊಳಗೆ ಎಲ್ಲಿಗಾದರೂ ಹೋಗಿಬಿಡುತ್ತೇನೆ, ಇಂಥವನನ್ನು ಒಂಬತ್ತು ವರ್ಷ ಇಟ್ಟುಕೊಂಡದ್ದೇ ದೊಡ್ಡದು ಅಂದ.

ಅಜ್ಜ ಮತ್ತೆ ಬಂಡಿಗೆ ಕೈ ಕೊಟ್ಟು ತಳ್ಳಿದರು.

"ನಾಳೆ ಹುಣ್ಣಿಮಿ, ಲಗೂನ ಎದ್ದು ಜಳಕಾ ಮಾಡು. ಒಂಬತ್ತ ವರ್ಷ ದೀಕ್ಷಾ ಕೊಡೂಣಂದ್ರ ಎದುರಿಗೆ ಯಾರೂ ಇರಲಿಲ್ಲ. ಇವತ್ತ ಕಾಶವ್ವನ ಮಗ ಬಂದಾನ."