ಬೈಗುಳದ ಗುಡ್ಡ

ಉತ್ತರ ಕನ್ನಡದ ಕರಾವಳಿಯಲ್ಲಿ ಘಟ್ಟವು ಕಡಲಿಗೆ ತೀರ ಹತ್ತಿರ ಬಂದು, ನಿಲ್ಲಲು ನೆಲ ಸಾಲದೆ ನೀರಿಗೇ ಕಾಲಿಟ್ಟಂತೆ ಕಾಣುವ ಒಂದು ಕಡೆ, ಕರಿಗುಳಿ ಹೊಳೆ ಸಮುದ್ರ ಸೇರುತ್ತದೆ. ಆ ಅಳಿವೆಯ ಬಡಗು ಬದಿಗೆ ಕಪ್ಪು ಬಂಡೆಯ ಗುಡ್ಡ, ತೆಂಕು ಬದಿಗೆ ಮರಳಿನ ದಿಬ್ಬ. ನಡುವಿನ ನೀರಿನಡಿಯಲ್ಲಿ ಮೊನಚು ಬಂಡೆಗಳ ಸಾಲಿದೆ. ಮೀನುಗಾರರು ಅದನ್ನು ಹಲ್ಲು ಎನ್ನುತ್ತಾರೆ. ಉಬ್ಬರದಲ್ಲಿ ಹಲ್ಲು ಕಾಣುವುದಿಲ್ಲ, ಆದರೆ ಕಚ್ಚುವುದನ್ನು ಬಿಡುವುದೂ ಇಲ್ಲ. ಎರಡು ದೋಣಿಯಷ್ಟು ಅಗಲದ ಒಂದೇ ದಾರಿ ಉಂಟು. ಈಚೆಗೆ ಯಾರೋ ಗುಡ್ಡದ ಮೇಲೆ ಹಲಗೆ ನೆಟ್ಟು 'ಸೂರ್ಯಾಸ್ತ ವೀಕ್ಷಣಾ ಸ್ಥಳ' ಎಂದು ಬರೆಸಿದ್ದಾರೆ. ಸೂರ್ಯ ಎಲ್ಲಿ ಮುಳುಗುವುದಿಲ್ಲ ಹೇಳಿ! ಊರಿನವರ ಬಾಯಲ್ಲಿ ಅದು ಬೈಗುಳದ ಗುಡ್ಡ. ಆ ಹೆಸರಿಗೆ ಒಬ್ಬ ಹೆಂಗಸು ತನ್ನ ಗಂಟಲನ್ನೇ ತೆತ್ತಿದ್ದಾಳೆ.

ಹಿಂದೆ ಒಮ್ಮೆ ಆ ಗುಡ್ಡದ ತುದಿಯಲ್ಲಿ ಒಂದು ಹೊನ್ನೆ ಮರವಿತ್ತು. ಕಡಲ ಗಾಳಿಗೆ ಉಳಿದ ಮರಗಳೆಲ್ಲ ಡೊಂಕಾಗಿ ಬೆಳೆದರೆ ಅದೊಂದು ಮಾತ್ರ ನೆಟ್ಟಗೆ ನಿಂತಿತ್ತು. ಮೀನಿಗೆ ಹೋದವರು ಮರಳುವಾಗ ಹಿಂದಿನ ಘಟ್ಟದ ಸೀಳನ್ನೂ ಮುಂದಿನ ಈ ಮರವನ್ನೂ ನೋಡುವರು. ಮರ ಸೀಳಿನ ನಟ್ಟನಡುವೆ ಕಂಡರೆ ದೋಣಿ ದಾರಿಯಲ್ಲಿದೆ. ತುಸು ಆಚೀಚೆ ಸರಿದರೆ ಹಲ್ಲಿನ ಬಾಯಿಗೆ ಹೋಗುತ್ತಿದೆ. ತಲೆತಲಾಂತರದಿಂದ ಅವರಿಗಿದ್ದ ವಿದ್ಯೆ ಇಷ್ಟೇ, ಬೇಕಾಗಿದ್ದುದೂ ಇಷ್ಟೇ.

ಆಗ ಆ ಸೀಮೆಯನ್ನು ಆಳುತ್ತಿದ್ದವನು ಚೆನ್ನರಸನೆಂಬ ನಾಯಕ. ಘಟ್ಟದ ಮೇಲಿನಿಂದ ಇಳಿದು ಬಂದವನು. ಕಡಲೆಂದರೆ ದೊಡ್ಡ ಕೆರೆ ಎಂದುಕೊಂಡಿದ್ದ ಮಹಾನುಭಾವ. ಮೆಣಸು ಸಾಗಿಸಲು ಹೊಸ ಹಡಗು ಕಟ್ಟಿಸಿದ. ಹಾಯಿಕಂಬಕ್ಕೆ ನೆಟ್ಟನೆಯ ಮರ ಬೇಕಾಯಿತು. ಘಟ್ಟದ ತುಂಬ ಕಾಡಿರುವಾಗ ಅವನ ಕಣ್ಣು ಬಿದ್ದದ್ದು ಈ ಹೊನ್ನೆಯ ಮೇಲೆ, ಏಕೆಂದರೆ ಅದು ಹತ್ತಿರದಲ್ಲಿತ್ತು. ದೋಣಿಗಳೆಲ್ಲ ಕಡಲಿನಲ್ಲಿದ್ದ ಒಂದು ಬೆಳಗ್ಗೆ ಅವನ ಆಳುಗಳು ಬಂದು ಅದನ್ನು ಕಡಿದುಹಾಕಿದರು.

ಮಧ್ಯಾಹ್ನದ ಉಬ್ಬರದಲ್ಲಿ ಹನ್ನೆರಡು ದೋಣಿಗಳು ಅಳಿವೆಗೆ ಬಂದಾಗ ಗುರುತೇ ಇರಲಿಲ್ಲ. ಎಲ್ಲರೂ ಹೊರಗೇ ತೇಲುತ್ತ ನಿಂತರು. ಕುಪ್ಪನೆಂಬ ಹರಿಕಂತ್ರ ಜಾತಿಯ ಮೀನುಗಾರ, ಅವರಲ್ಲಿ ಎಲ್ಲರಿಗಿಂತ ಬಲ್ಲವನು, "ನಾ ಮುಂದೆ ಹೋಗ್ತೆ, ನನ್ನ ನೋಡ್ಕಂಡು ಬನ್ನಿ" ಎಂದು ದೋಣಿ ನೂಕಿದ. ಹಲ್ಲು ಅವನ ದೋಣಿಯನ್ನು ಎರಡು ಹೋಳು ಮಾಡಿತು. ಎಲ್ಲಿಗೆ ಹೋಗಬಾರದೆಂಬುದನ್ನು ಅವನ ಸಾವಿನಿಂದ ತಿಳಿದು ಉಳಿದ ಹನ್ನೊಂದೂ ದಡ ಸೇರಿದವು. ಮೀನಿನ ಬುಟ್ಟಿ ಹಿಡಿದು ದಡದಲ್ಲಿ ಕಾಯುತ್ತಿದ್ದ ಅವನ ಹೆಂಡತಿ ಹೊಸಬಿ ಎಂಬವಳಿಗೆ ಸಿಕ್ಕಿದ್ದು ಅವನು ದೋಣಿ ನಡೆಸುತ್ತಿದ್ದ ಒಂದು ಹುಟ್ಟು ಮಾತ್ರ, ಅದೂ ಅಲೆ ತಂದು ಹಾಕಿದ್ದು.

ಮೂರನೆಯ ದಿನ ಅವಳು ನಾಯಕನ ಚಾವಡಿಗೆ ಹೋದಳು. "ಒಡೆಯಾ, ಹೋದವ ಹೋದ. ಉಳಿದವ್ರು ಬದುಕ್ಬೇಕಲ್ಲ, ಮರ ಇದ್ದಲ್ಲಿ ಒಂದು ಕಂಬ ನೆಡೂಕೆ ಅಪ್ಪಣೆ ಕೊಡಿ" ಎಂದು ಕೇಳಿದಳು. ಚೆನ್ನರಸ ಎಲೆಯಡಿಕೆ ಮೆಲ್ಲುತ್ತಲೇ ಹೇಳಿದ: "ಅಷ್ಟು ದೊಡ್ಡ ಗುಡ್ಡವೇ ಕಾಣುತ್ತಿರುವಾಗ ನಿಮಗೆ ಕಂಬ ಬೇರೆ ಬೇಕೇ? ನನ್ನ ನೆಲದಲ್ಲಿ ನನ್ನ ಧ್ವಜವಲ್ಲದೆ ಇನ್ನೊಂದು ಕಂಬ ಎದ್ದರೆ, ನೆಟ್ಟ ಕೈ ಉಳಿಯುವುದಿಲ್ಲ." ಸುತ್ತಲಿದ್ದವರು ನಕ್ಕರಂತೆ. ಹೊಸಬಿಯ ಮೈಯೆಲ್ಲ ಉರಿದುಹೋಯಿತು. ಗಂಡ ಸತ್ತ ದಿನ ಬಾರದ ಕಣ್ಣೀರು ಆ ನಗುವಿಗೆ ಬಂತು, ದುಃಖದಿಂದಲ್ಲ, ಸಿಟ್ಟಿನಿಂದ.

ನೆಟ್ಟ ಕಂಬಕ್ಕೆ ಅಪ್ಪಣೆ ಬೇಕು, ನಿಂತ ಹೆಂಗಸಿಗೆ ಯಾರ ಅಪ್ಪಣೆ? ಮರುದಿನದಿಂದಲೇ ಅವಳು ಗುಡ್ಡ ಹತ್ತಿದಳು. ಹೊನ್ನೆಯ ಬೊಡ್ಡೆಯ ಮೇಲೆ ನಿಂತು, ಗಂಡನ ಹುಟ್ಟಿಗೆ ತನ್ನ ಕೆಂಪು ಸೀರೆ ಕಟ್ಟಿ ಎತ್ತಿ ಹಿಡಿದಳು. ಕೊನೆಯ ದೋಣಿ ಒಳಗೆ ಬರುವ ತನಕ ಇಳಿಯುತ್ತಿರಲಿಲ್ಲ. ನಿಂತಷ್ಟು ಹೊತ್ತೂ ಬೈಯುತ್ತಿದ್ದಳು. "ಮರ ಕಡ್ದವನ ಕೈ ಸೇದ್ಹೋಗ! ಅವನ ಮನೆ ಹಾಳಾಗ!" ಮಂಜು ಮುಸುಕಿ ಸೀರೆ ಕಾಣದ ದಿನ ಮೀನುಗಾರರು ಆ ಬೈಗುಳ ಕೇಳಿಬಂದ ದಿಕ್ಕಿಗೇ ದೋಣಿ ತಿರುಗಿಸಿದರು ಎನ್ನುತ್ತಾರೆ.

ಹೀಗೆ ಆರು ತಿಂಗಳು ಕಳೆಯಿತು. ಮಳೆಗಾಲ ಇನ್ನೇನು ಹಿಡಿಯಬೇಕೆನ್ನುವಾಗ, ಒಂದು ಸಂಜೆ ಎದ್ದ ಗಾಳಿಗೆ ಸಿಕ್ಕ ಚೆನ್ನರಸನ ಹಡಗು ಅಳಿವೆಯ ಎದುರು ಕಾಣಿಸಿತು. ನಾಯಕನೂ ಅದರಲ್ಲಿದ್ದ. ಹೊರಡುವಾಗ ಇಳಿತವಿದ್ದುದರಿಂದ ಹಲ್ಲುಗಳನ್ನು ನೋಡಿಕೊಂಡು ದಾಟಿದ್ದರು; ಈಗ ಉಬ್ಬರ, ಮೇಲೆ ಬರೀ ನೊರೆ. ಹೊಸಬಿ ಮೊದಲು ಗುರುತಿಸಿದ್ದು ಹಡಗನ್ನಲ್ಲ, ಅದರ ಹಾಯಿಕಂಬವನ್ನು. ಅದೇ ಹೊನ್ನೆ. ಕೆಳಗೆ ದಡದ ಹೆಂಗಸರು, "ಕೂತ್ಕಳೇ ಹೊಸಬೀ! ಹುಟ್ಟು ಇಳ್ಸೇ!" ಎಂದು ಕೂಗಿದರು.

ಅವಳ ಕೈ ಇಳಿಯಿತು. ನಿಜವಾಗಿಯೂ ಇಳಿಯಿತು. ಕುಳಿತರೆ ಸಾಕು, ಮಿಕ್ಕಿದ್ದನ್ನು ಹಲ್ಲು ನೋಡಿಕೊಳ್ಳುತ್ತಿತ್ತು. ಆದರೆ ಹಡಗಿನ ಹಗ್ಗ ಎಳೆಯುತ್ತಿದ್ದವರು ನಾಯಕನ ನೆಂಟರಲ್ಲ; ಬಿಟ್ಟಿ ಕೆಲಸಕ್ಕೆಂದು ಅವನು ಹಿಡಿದೊಯ್ದಿದ್ದ ಊರಿನ ಹದಿನಾಲ್ಕು ಗಂಡಸರು. ಅವರ ಹೆಂಡಂದಿರೂ ನಾಳೆ ಒಂದೊಂದು ಹುಟ್ಟು ಹೆಕ್ಕಬೇಕೇ? ಈ ಪಾಪಿಯನ್ನು ಸಾಯಲು ಬಿಡಲಿಕ್ಕೂ ತನ್ನಿಂದ ಆಗುವುದಿಲ್ಲವಲ್ಲ ಎಂದು ಅವಳಿಗೆ ಹುಚ್ಚು ಕೋಪ ಬಂತು. ಹುಟ್ಟನ್ನು ಮತ್ತೆ ಎತ್ತಿದಳು. ಅಂದು ಬೈದಂತೆ ಅವಳು ಎಂದೂ ಬೈದಿರಲಿಲ್ಲ. ಅವನ ಏಳು ತಲೆಮಾರನ್ನು ಎಳೆದು ತಂದು ಜಾಲಾಡಿದಳು. ಹಡಗು ಆ ಬೈಗುಳದ ಕೆಳಗೇ ತಲೆ ತಗ್ಗಿಸಿಕೊಂಡು ಒಳಗೆ ಬಂತು.

ಚೆನ್ನರಸ ಇಳಿದವನೇ ಬಹುಮಾನಕ್ಕೆಂದು ರೇಷ್ಮೆಯ ಪಟ್ಟೆಸೀರೆ ಹಿಡಿಸಿಕೊಂಡು ಗುಡ್ಡ ಹತ್ತಿದ. ಹೊಸಬಿ ಅದನ್ನು ಮುಟ್ಟಲಿಲ್ಲ. "ನಾ ನಿಂತದ್ದು ನಿಂಗಾಗಿ ಅಲ್ಲ. ಹೊರಗೆ ಇನ್ನೂ ಎರಡು ದೋಣಿ ಅವೆ. ಗಂಡ್ಸಾದ್ರೆ ನೀ ನಿಂತ್ಕ" ಎಂದು ಹುಟ್ಟನ್ನು ಅವನ ಕೈಗೆ ಚಾಚಿದಳು. ಅವನು ಹಿಂದೆ ಸರಿದ. ಅದನ್ನು ಅವನ ಹಿಂದೆಯೇ ಹತ್ತಿಬಂದಿದ್ದ ಹದಿನಾಲ್ಕು ಜನರೂ ಕಂಡರು. ಬೆಳಗಾಗುತ್ತಲೇ ಅವರು ಹಡಗಿನ ಹಾಯಿಕಂಬವನ್ನು ಕಿತ್ತು, ಹೆಗಲ ಮೇಲೆ ಹೊತ್ತು ತಂದು ಗುಡ್ಡದ ತುದಿಯಲ್ಲಿ ನೆಟ್ಟರು. ಯಾವ ಕೈ ಕಡಿಸುವುದೆಂದು ತಿಳಿಯದೆ ನಾಯಕ ಸುಮ್ಮನಾದ. ಕಂಬವಿಲ್ಲದ ಹಡಗು ಮರಳಿನಲ್ಲೇ ಕೊಳೆತುಹೋಯಿತು.

ಊರಿನ ಹಿರಿಯರು ಹೊಸಬಿಯನ್ನು ಸಮಾಧಾನ ಮಾಡಲು ಬಂದರು. "ಕಂಬ ಬಂತಲ್ಲೇ ತಂಗಿ, ಇನ್ನಾದ್ರೂ ಬೈಯೂದು ಬಿಡು" ಎಂದರು.

"ಕಂಬ ಬಂತು. ಕುಪ್ಪ ಬಂದ್ನಾ?" ಎಂದಳು ಅವಳು.

ಸತ್ತ ಮೇಲೆ ತನಗೆ ಗುಡಿ ಕಟ್ಟಬಾರದು, ಅರಿಸಿನ ಕುಂಕುಮ ಹಚ್ಚಬಾರದು, ಜೀವಸಹಿತ ಒಳಗೆ ಬಂದವರು ತನ್ನ ಪರವಾಗಿ ಒಂದು ಮಾತು ಬೈದರೆ ಸಾಕು ಎಂದು ಅವಳು ಹೇಳಿ ಹೋದಳಂತೆ.

ಇಂದಿಗೂ ಆ ದಡದಲ್ಲಿ ನಿಂತ ಪರವೂರಿನವರು ಬೆರಗಾಗುವ ನೋಟ ಒಂದುಂಟು. ಇಂಜಿನ್ನು ಗುಡುಗಿಸುತ್ತ ಅಳಿವೆ ಹೊಗುವ ಪ್ರತಿಯೊಂದು ದೋಣಿಯೂ ಗುಡ್ಡದ ಬುಡಕ್ಕೆ ಬಂದಾಗ, ಅದರಲ್ಲಿದ್ದವರೆಲ್ಲ ಒಟ್ಟಿಗೆ ಬಾಯಿ ತೆರೆದು, ಎಂದೋ ಮಣ್ಣಾದ ಒಬ್ಬ ನಾಯಕನನ್ನು ವಾಚಾಮಗೋಚರ ಬೈಯುತ್ತಾರೆ. ಮೀನಿಗೆ ಕಾದು ಕುಳಿತ ಹೆಂಗಸರು ಅದನ್ನು ಕೇಳಿ ನಗುತ್ತಾರೆ. ಆದರೆ ಕಡಲಿನಲ್ಲಿ ಒಬ್ಬನನ್ನು ಕಳೆದುಕೊಂಡ ದೋಣಿ ಬೈಯುವುದಿಲ್ಲ. ಯಾವುದಾದರೂ ದೋಣಿ ಮಾತಿಲ್ಲದೆ ಒಳಗೆ ಬಂತೆಂದರೆ, ದಡದ ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ.