ವ್ಯಾಪಾರಿಯ ರೂಮಿನಲ್ಲಿ ಕೇಳದ ಮಾರ್ದನಿ

“ಬುದ್ಧಿ, ಎದುರಿಗಿರುವವನು ಮಾತಾಡಲು ತಡವರಿಸಿದರೆ ತಪ್ಪು ಅವನದೇ ಎಂದು ತಿಳಿಯಬಹುದಲ್ಲವೇ?” ಎಂದು ಮರುಳಯ್ಯ ಮಠದ ಗುರುಗಳನ್ನು ಕೇಳಿದ.

ಮರುಳಯ್ಯ ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವ ಶಿಷ್ಯ. ಅಲ್ಲಿಯ ಅಡುಗೆಮನೆಯ ಹಿರಿಯ ಗುರುಶಾಂತಪ್ಪ ಅವನ ಮುಂದೆ ನಿಂತರೆ ಅರ್ಧ ಮಾತಾಡಿ ನಿಲ್ಲಿಸಿಬಿಡುತ್ತಿದ್ದ. ಅವನನ್ನು ಕೆಲಸದಿಂದ ಬಿಡಿಸಿ ಬೇರೆಯವರನ್ನು ಇಟ್ಟುಕೊಳ್ಳಲು ಮರುಳಯ್ಯನಿಗೆ ಅಪ್ಪಣೆ ಬೇಕಾಗಿತ್ತು. ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೂತುಕೋ ಎಂದು ಕೈ ತೋರಿಸಿ ಕತೆ ತೆಗೆದರು.

ಒಬ್ಬ ವ್ಯಾಪಾರಿ ಇದ್ದ. ಕಂಚು ಹಿತ್ತಾಳೆ ಪಾತ್ರೆಗಳ ವ್ಯಾಪಾರ. ಹೆಸರು ಬೇಡ. ಹೆಸರು ಹೇಳಿದರೆ ನೀನು ಊರು ಕೇಳುತ್ತೀಯ, ಊರು ಹೇಳಿದರೆ ಅವನ ನೆಂಟರು ಯಾರು ಎನ್ನುತ್ತೀಯ, ಕತೆ ಅಲ್ಲೇ ಉಳಿಯುತ್ತದೆ. ಅವನ ಕಿವಿ ಬಲು ಚುರುಕು. ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಕಣ್ಣಿಗೆ ಕಾಣದ ಸೀಳನ್ನೂ ಹೇಳಿಬಿಡುತ್ತಿದ್ದ. ಸದ್ದು ಉದ್ದಕ್ಕೆ ಎಳೆದರೆ ಪಾತ್ರೆ ಗಟ್ಟಿ, ನಡುವೆ ತುಂಡಾದರೆ ಪಾತ್ರೆ ಸೀಳಿದೆ. ನಲವತ್ತು ವರ್ಷ ಈ ವಿದ್ಯೆ ಅವನಿಗೆ ಕೈಕೊಟ್ಟಿರಲಿಲ್ಲ.

ಅವನಿಗೊಬ್ಬ ಗೆಳೆಯ. ಇಬ್ಬರೂ ಹುಡುಗರಾಗಿದ್ದಾಗ ತಲೆಯ ಮೇಲೆ ಪಾತ್ರೆ ಹೊತ್ತು ಸಂತೆ ಸಂತೆ ತಿರುಗಿದವರು. ವ್ಯಾಪಾರ ಬೆಳೆಯಿತು. ಊರಿನ ಅಂಗಡಿಯಲ್ಲದೆ ಹೊರಗೆ ನಾಲ್ಕು ಊರುಗಳಲ್ಲಿ ಅಂಗಡಿಯಾಯಿತು. ಎಲ್ಲಕ್ಕಿಂತ ದೂರದ ಅಂಗಡಿಯ ಬೀಗದ ಕೈಯನ್ನು ವ್ಯಾಪಾರಿ ಆ ಗೆಳೆಯನಿಗೆ ಕೊಟ್ಟ. ಒಡಹುಟ್ಟಿದವರ ಮೇಲೂ ಅವನಿಗೆ ಅಷ್ಟು ನಂಬಿಕೆ ಇರಲಿಲ್ಲ. ಆ ಗೆಳೆತನವೊಂದನ್ನು ಬಿಟ್ಟರೆ, ಅವನ ಬಳಿ ಇದ್ದದ್ದೆಲ್ಲ ಮತ್ತೆ ಸಂಪಾದಿಸಿಕೊಳ್ಳಬಹುದಾದದ್ದೇ.

ವಯಸ್ಸಾದ ಮೇಲೆ ಊರೂರು ಓಡಾಡುವುದು ವ್ಯಾಪಾರಿಗೆ ಬೇಸರವಾಯಿತು. ಕೂತಲ್ಲಿಂದಲೇ ವಾರಕ್ಕೊಂದು ಸಭೆ ನಡೆಸಿದರಾಯಿತು ಎಂದು ಅಂಗಡಿಯ ಮಾಳಿಗೆಯಲ್ಲಿ ಒಂದು ಕಾನ್ಫರೆನ್ಸ್ ರೂಮು ಮಾಡಿಸಿದ. ನುಣುಪು ಕಲ್ಲಿನ ನೆಲ. ಮೂರು ಕಡೆ ಗಾಜು. ಹೊರ ಊರಿನವರ ಮುಖ ಕಾಣಲು ದೊಡ್ಡ ಟಿವಿ, ಅವರ ಮಾತು ಕೇಳಲು ಸ್ಪೀಕರ್ ಪೆಟ್ಟಿಗೆ, ಇಲ್ಲಿಯ ಮಾತು ಅಲ್ಲಿಗೆ ಹೋಗಲು ಮೈಕು. ಆಯುಧಪೂಜೆಯ ದಿನ ಪೆಟ್ಟಿಗೆಯನ್ನೂ ಮೈಕನ್ನೂ ಒಂದೇ ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಹೂ ಮುಡಿಸಿ, ಬೂದುಗುಂಬಳ ಒಡೆದರು.

ಮಾರನೆಯ ದಿನ ಮೈಕು ಜೋಡಿಸುವವನು ಬಂದ. ಎರಡನ್ನೂ ದೂರ ದೂರ ಇಡಬೇಕು ಎಂದ. ಪೂಜೆಯಲ್ಲಿ ಜೊತೆಯಾಗಿ ಕೂತದ್ದನ್ನು ಅಗಲಿಸಬಾರದು ಎಂದ ವ್ಯಾಪಾರಿ. ಮೈಕಿನವನು ತಲೆ ಕೆರೆದುಕೊಂಡ. ದೇವರ ವಿಷಯಕ್ಕೆ ಎದುರಾಡುವುದು ಯಾರಿಗೆ ಬೇಕು? ಮಣೆಯನ್ನು ಹಾಗೇ ಎತ್ತಿ ಮೇಜಿನ ನಡುವೆ ಇಟ್ಟರು. ಪೆಟ್ಟಿಗೆಯ ಬಾಯಿ ಮೈಕಿನ ಕಡೆಗೇ ಇತ್ತು. ದೊಡ್ಡ ಅಂಗಡಿಗೆ ದೊಡ್ಡ ದನಿ ಬೇಕೆಂದು ವ್ಯಾಪಾರಿ ಸದ್ದನ್ನು ಪೂರ್ತಿ ಏರಿಸಿಟ್ಟ.

ಮೊದಲ ಸಭೆಯ ದಿನವೇ ರಂಪವಾಯಿತು. ರೂಮಿನಲ್ಲಿ ಕೂತಿದ್ದ ಆರೇಳು ಗುಮಾಸ್ತರು, ತಮ್ಮ ಮುಖವೂ ಟಿವಿಯಲ್ಲಿ ಧಣಿಗೆ ಕಾಣಲಿ ಎಂದು, ತಮ್ಮ ತಮ್ಮ ಮೊಬೈಲಿನಿಂದಲೂ ಅದೇ ಸಭೆಗೆ ಸೇರಿಕೊಂಡರು. ಎದುರಿಗೇ ಕೂತವನು ತನ್ನ ಮುಖವನ್ನು ಟಿವಿಯಲ್ಲಿ ತೋರಿಸಬೇಕೆ? ಆದರೆ ಧಣಿ ನೋಡುತ್ತಿದ್ದದ್ದು ಟಿವಿಯನ್ನೇ. ಒಬ್ಬ ಕೆಮ್ಮಿದ. ಆ ಕೆಮ್ಮು ಒಂದು ಮೊಬೈಲಿನಿಂದ ಹೊರಟು ಇನ್ನೊಂದರೊಳಗೆ ಹೊಕ್ಕು, ಅಲ್ಲಿಂದ ಮೂರನೆಯದಕ್ಕೆ ಹಾರಿ, ಬೆಳೆಯುತ್ತ ಬೆಳೆಯುತ್ತ ಕೀಂಯ್ ಎಂದು ಕಿರುಚಿತು. ವ್ಯಾಪಾರಿ ಕಿವಿ ಮುಚ್ಚಿಕೊಂಡು ಗದರಿದ. ಒಂದು ರೂಮಿಗೆ ಒಂದು ಮೈಕು, ಒಂದು ಪೆಟ್ಟಿಗೆ, ಅಷ್ಟೇ ಎಂದು ಮೊಬೈಲುಗಳನ್ನೆಲ್ಲ ಆರಿಸಿದ. ಕಿರುಚಾಟ ನಿಂತಿತು.

ಸರಿಯಾದ ಮಾತನ್ನೇ ಹೇಳಿದ, ಅದರಲ್ಲಿ ತಪ್ಪಿಲ್ಲ. ತನ್ನ ಕಿವಿಗೆ ಚುಚ್ಚಿದ್ದನ್ನು ಯಾರಾದರೂ ಬೇಗ ಸರಿಮಾಡಿಕೊಳ್ಳುತ್ತಾರೆ ಕಣಯ್ಯ. ಅವತ್ತಿನಿಂದ ತನ್ನ ರೂಮಿನಲ್ಲಿ ಇನ್ನು ಯಾವ ದೋಷವೂ ಇಲ್ಲ ಎಂಬ ಧೈರ್ಯ ವ್ಯಾಪಾರಿಗೆ ಬಂತು.

ಮುಂದಿನ ಸಭೆಯಲ್ಲಿ ಗೆಳೆಯನ ಸರದಿ ಬಂತು. “ಈ ಸಲ ಎರಕದವರು ಕೊಟ್ಟ ಮಾಲು...” ಎಂದ. ನಿಂತ. “ಮಾಲು...” ಎಂದ. ಮತ್ತೆ ನಿಂತ. ಸಂತೆಯಲ್ಲಿ ಕೂಗಿ ಕೂಗಿ ಪಾತ್ರೆ ಮಾರಿದವನು, ಅರಳು ಹುರಿದ ಹಾಗೆ ಮಾತಾಡುತ್ತಿದ್ದವನು, ಈಗ ನಾಲ್ಕು ಮಾತಿಗೆ ನಾಲ್ಕು ಸಲ ನಿಂತ. ವ್ಯಾಪಾರಿಗೆ ಏನೂ ಅರ್ಥವಾಗಲಿಲ್ಲ.

“ಏನಾಯ್ತೋ ನಿನಗೆ?” ಎಂದು ಕೇಳಿದ.

“ನಾನಾಡಿದ್ದೇ ನನಗೆ ವಾಪಸ್ ಕೇಳ್ತಿದೆ,” ಎಂದ ಗೆಳೆಯ. ಅಷ್ಟು ಹೇಳಲೂ ಎರಡು ಸಲ ನಿಂತ. “ಮುಂದಿನ ಮಾತು ಆಡೋ ಹೊತ್ತಿಗೆ ಹಿಂದಿನ ಮಾತು ಬಂದು ಅಡ್ಡ ನಿಲ್ಲುತ್ತೆ. ನಿಮ್ಮ ಕಡೆ ಒಂದ್ಸಲ ನೋಡಿಸಬಾರದಾ?”

“ನನಗೇನೂ ಇಲ್ವಲ್ಲ! ಗಂಟೆ ಹೊಡೆದ ಹಾಗೆ ಕೇಳ್ತಿದೆ. ನಿನ್ನ ಕಡೆಯೇ ಏನೋ ಇದೆ, ನೋಡ್ಕೋ.”

ಗೆಳೆಯ ನೋಡಿಕೊಂಡ. ಬೇರೆ ಮೊಬೈಲು ತಂದ. ಕೂರುವ ಕೋಣೆ ಬದಲಾಯಿಸಿದ. ಗೋಡೆಗೆ ಕಂಬಳಿ ಕಟ್ಟಿದ. ಅಂಗಡಿಯ ಪಾತ್ರೆಗಳೇ ಮಾರ್ದನಿ ಕೊಡುತ್ತಿರಬಹುದೆಂದು ಕೊಡ, ಹಂಡೆ, ಕೊಳಗಗಳ ಬಾಯಿಗೆಲ್ಲ ಗೋಣಿಚೀಲ ತುರುಕಿದ. ಕೊಳ್ಳಲು ಬಂದವರು ಇದೇನು ಹೊಸ ಪದ್ಧತಿ ಎಂದು ನಕ್ಕರು. ಕಿವಿಯ ಡಾಕ್ಟರ ಬಳಿಗೂ ಹೋಗಿಬಂದ. ಡಾಕ್ಟರು ಕಿವಿ ಸರಿಯಾಗಿದೆ ಎಂದರು. ಏನು ಮಾಡಿದರೂ ಸಭೆಯಲ್ಲಿ ಅದೇ ಪಾಡು. ಕೊನೆಗೆ ಹೂಂ, ಉಹೂಂ ಎಂಬಷ್ಟಕ್ಕೆ ಬಂದು ನಿಂತ.

ವ್ಯಾಪಾರಿಯ ತಲೆಗೆ ಹುಳ ಬಿಟ್ಟ ಹಾಗಾಯಿತು. ಉಳಿದ ಮೂರು ಊರಿನವರೂ ತಡವರಿಸುತ್ತಿದ್ದರು, ನಿಜ. ಅವರು ಹೊಸಬರು, ಧಣಿಯೆಂದರೆ ಭಯ ಎಂದುಕೊಂಡ. ಆದರೆ ಗೆಳೆಯನಿಗೆ ಯಾವ ಭಯ? ಕುಡಿಯಲು ಶುರುಮಾಡಿದನೇ? ಕಾಯಿಲೆಯೇ? ಕಾಯಿಲೆಯಾದರೆ ಹೇಳಿಕೊಳ್ಳುತ್ತಿದ್ದ. ಏನನ್ನಾದರೂ ಮುಚ್ಚಿಡುತ್ತಿದ್ದಾನೆಯೇ? ಕಳ್ಳನ ಮನಸ್ಸು ಹುಳ್ಳಗೆ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಹೀಗೆಂದುಕೊಂಡ ಮರುಗಳಿಗೆಯೇ, ಛೇ, ಅವನ ಬಗ್ಗೆ ಹೀಗೆ ಯೋಚಿಸುವುದೇ ಎಂದು ತನ್ನನ್ನು ತಾನೇ ಬೈದುಕೊಂಡ. ಮರುದಿನ ಮತ್ತೆ ಅದನ್ನೇ ಯೋಚಿಸಿದ. ಗೆಳೆಯನ ಮೇಲೆ ಅವನಿಗೆ ಬಹಳ ಪ್ರೀತಿ ಇತ್ತು. ಅದಕ್ಕೇ ಊಟ ಸೇರುತ್ತಿರಲಿಲ್ಲ.

ಹೋಗಿ ನೋಡಿಬರಬಹುದಿತ್ತು. ಆದರೆ ಹೋಗುವುದು ತಪ್ಪಲಿ ಎಂದೇ ಅಲ್ಲವೇ ರೂಮು ಮಾಡಿಸಿದ್ದು? ಗೊಂದಲ ತಡೆಯಲಾರದೆ ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹಿಡಿದ. ಸದ್ದು ತುಂಡಾಗುತ್ತಿದೆ, ಪಾತ್ರೆ ಸೀಳಿದೆ.

ಮುಂದಿನ ಸಭೆಯಲ್ಲಿ, ಎಲ್ಲ ಊರಿನವರೂ ಕೇಳುತ್ತಿದ್ದಂತೆ, ಬೀಗದ ಕೈ ಬಿಟ್ಟುಕೊಡು ಎಂದು ಗೆಳೆಯನಿಗೆ ಹೇಳಿಬಿಟ್ಟ. ಗೆಳೆಯ ಬಾಯಿ ತೆರೆದ. “ನಾನು...” ಎಂದ. ಅದು ಅವನ ಕಿವಿಗೇ ತಿರುಗಿ ಬಂತು. “ನಾನು...” ಎಂದು ಮತ್ತೆ ಶುರುಮಾಡಿದ. ಅದೂ ತಿರುಗಿ ಬಂತು. ಅವನು ಬಾಯಿ ಮುಚ್ಚಿದ. ವ್ಯಾಪಾರಿ ಕಾದ. ಏನಾದರೂ ಹೇಳಲಿ, ಬೈಯಲಾದರೂ ಬೈಯಲಿ ಎಂದು ನಿಜವಾಗಿಯೂ ಕಾದ. ಟಿವಿಯಲ್ಲಿ ಗೆಳೆಯನ ಮುಖ ಆರಿಹೋಯಿತು. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯ ಗುಮಾಸ್ತ ಮೆಲ್ಲಗೆ ಹೇಳಿದ. ವ್ಯಾಪಾರಿ ತಲೆಯಾಡಿಸಿದ, ಕಣ್ಣು ಒರೆಸಿಕೊಂಡ.

ಆ ಅಂಗಡಿಗೆ ಹೊಸಬನನ್ನು ಹುಡುಕಿ ತಂದರು. ಮಾತಿನ ಮಲ್ಲ. ಹರಾಜು ಕೂಗಿ ಹೆಸರು ಮಾಡಿದ್ದವನು. ವ್ಯಾಪಾರಿ ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿದ, ಒಂದಕ್ಷರ ಜಾರಲಿಲ್ಲ. ಹೋಗಿ ಅಂಗಡಿಯಲ್ಲಿ ಕೂತ. ಮೊದಲ ಸಭೆಯಲ್ಲಿ “ಈ ವಾರ ಧಣಿ...” ಎಂದವನು ಅಲ್ಲೇ ನಿಂತ.

ಈಗ ವ್ಯಾಪಾರಿಗೆ ದಿಕ್ಕೇ ತೋಚದಾಯಿತು. ಅಂಗಡಿಗೇನಾದರೂ ಗಾಳಿ ಸೋಕಿದೆಯೇ? ಗೆಳೆಯ ನೊಂದು ಶಾಪ ಹಾಕಿದನೇ? ಆ ಕುರ್ಚಿಯಲ್ಲಿ ಕೂತವರಿಗೆಲ್ಲ ನಾಲಗೆ ಕಟ್ಟುತ್ತದೆಯೇ? ಮೂರು ದಿನ ತಲೆ ಕೆಡಿಸಿಕೊಂಡ. ನಾಲ್ಕನೆಯ ದಿನ, ತನ್ನ ಜಾಗದಲ್ಲಿ ಹಿರಿಯ ಗುಮಾಸ್ತನನ್ನು ಕೂರಿಸಿ, ತಾನೇ ಆ ಊರಿಗೆ ಹೋದ. ಸಭೆಯ ಹೊತ್ತಿಗೆ ಗೆಳೆಯ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಮೊಬೈಲು ಮುಂದಿಟ್ಟುಕೊಂಡ.

“ಎಲ್ಲಾ ಬಂದಿದ್ದೀರೇನಯ್ಯ?” ಎಂದ.

ಒಂದು ಚಣ ಬಿಟ್ಟು ಮೊಬೈಲಿನೊಳಗಿಂದ ಯಾರೋ ಗತ್ತಿನ ಮುದುಕ “ಎಲ್ಲಾ ಬಂದಿದ್ದೀರೇನಯ್ಯ” ಎಂದ. ವ್ಯಾಪಾರಿ ಬೆಚ್ಚಿಬಿದ್ದ. “ಯಾರದು?” ಎಂದ. “ಯಾರದು” ಎಂದಿತು ಆ ದನಿ. ಸೊಕ್ಕಿನ ದನಿ, ಅವನಿಗೆ ಹಿಡಿಸಲಿಲ್ಲ. ಅದು ತನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮುಂದಿನ ಮಾತು ಆಡಲು ಹೋದ. ಹಿಂದಿನದು ಬಂದು ತೊಡರಿಕೊಂಡಿತು. ನಾಲಗೆ ನಿಂತಿತು.

“ಅಪ್ಪಣೆಯಾಗಲಿ ಧಣಿ,” ಎಂದ ಆ ಕಡೆಯಿಂದ ಗುಮಾಸ್ತ.

“ನನ್ನ ಮಾತೇ... ನನಗೆ...”

“ಇಲ್ಲಿ ಬಹಳ ಚೆನ್ನಾಗಿ ಕೇಳ್ತಿದೆ ಧಣಿ. ತಮ್ಮ ಕಡೆಯೇ ಏನೋ ಇರಬೇಕು, ನೋಡಿಸಿ.”

ವ್ಯಾಪಾರಿ ಕುರ್ಚಿಯಿಂದ ಎದ್ದ. ಸುತ್ತ ನೋಡಿದ. ಗೋಡೆಯ ಮೇಲೆ ಕಂಬಳಿ ಇನ್ನೂ ಇತ್ತು. ಹಂಡೆಗಳ ಬಾಯಲ್ಲಿ ಗೋಣಿಚೀಲ ಇನ್ನೂ ಇತ್ತು.

ಊರಿಗೆ ಮರಳಿ ಮೈಕಿನವನನ್ನು ಕರೆಸಿದ. ಅವನು ಹೇಳಿದ್ದು ಇಷ್ಟು. ದೂರದವನ ಮಾತು ನಿಮ್ಮ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಮಗ್ಗುಲಲ್ಲೇ ಕೂತ ಮೈಕು ಅದನ್ನು ಹಿಡಿದು ಅವನಿಗೇ ವಾಪಸು ಕಳಿಸುತ್ತದೆ. ಗಾಜಿಗೂ ಕಲ್ಲಿಗೂ ಬಡಿದು ಬಂದದ್ದನ್ನೂ ಸೇರಿಸಿ ಕಳಿಸುತ್ತದೆ. ಅವನ ಮಾತು ನಿಮಗೆ ಒಂದೇ ಸಲ ಕೇಳುತ್ತದೆ, ಅವನಿಗೆ ಎರಡು ಸಲ. ಮಾರ್ದನಿ ಕೇಳಿಸಿಕೊಂಡವನ ಕೋಣೆಯಲ್ಲಿ ಹುಡುಕಿದರೆ ದೋಷ ಸಿಗುವುದಿಲ್ಲ ಧಣಿ, ಕೇಳಿಸದೇ ಇರುವವನ ಕೋಣೆಯಲ್ಲಿ ಹುಡುಕಬೇಕು.

ವ್ಯಾಪಾರಿ ಮಣೆಗೆ ಕೈಮುಗಿದು ಪಕ್ಕಕ್ಕೆ ಸರಿದ. ಮೈಕಿನವನು ಪೆಟ್ಟಿಗೆಯನ್ನು ಒಯ್ದು ಟಿವಿಯ ಕೆಳಗೆ ಇಟ್ಟ. ಮೈಕನ್ನು ಅದರಿಂದ ದೂರ, ಮಾತಾಡುವವರ ಬಾಯಿಗೆ ಹತ್ತಿರ ತಂದ. ಸದ್ದು ಅರ್ಧಕ್ಕಿಳಿಸಿದ. ನೆಲಕ್ಕೆ ಜಮಖಾನ ಹಾಸಿಸಿದ, ಗಾಜಿಗೆ ದಪ್ಪ ಬಟ್ಟೆ ಇಳಿಬಿಡಿಸಿದ. ಬೇರೆಯವರು ಮಾತಾಡುವಾಗ ನಿಮ್ಮ ಮೈಕು ಮುಚ್ಚಿಡಿ ಎಂದು ಹೇಳಿಕೊಟ್ಟ. ಅರ್ಧ ದಿನದ ಕೆಲಸ. ಆ ವಾರದ ಸಭೆಯಲ್ಲಿ ನಾಲ್ಕು ಊರಿನವರೂ ನೀರು ಕುಡಿದ ಹಾಗೆ ಸಲೀಸಾಗಿ ಮಾತಾಡಿದರು. ಕೇಳುತ್ತ ಕೂತ ವ್ಯಾಪಾರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನವೇ ಗೆಳೆಯನ ಮನೆಗೆ ಹೋದ. ತಪ್ಪಾಯಿತು ಎನ್ನಲು ಹೋಗಿದ್ದ. ಜಗಲಿಯಲ್ಲಿ ಕೂತು ಮಣೆಯ ವಿಷಯ, ಪೆಟ್ಟಿಗೆಯ ವಿಷಯ, ಜಮಖಾನದ ವಿಷಯ ಎಲ್ಲ ಹೇಳಿದ. ಹೇಳಬೇಕೆಂದು ಬಂದ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಗೆಳೆಯ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ.

“ಈಗ ಸರಿಹೋಯ್ತಾ?” ಎಂದ.

“ಸರಿಹೋಯ್ತು ಕಣೋ. ನೀನು ಬಾ.”

“ಸರಿಹೋಯ್ತಲ್ಲ, ಒಳ್ಳೇದಾಯ್ತು ಬಿಡಿ. ಮುಂದೆ ಬರೋರಿಗೆ ಅನುಕೂಲ.”

ಮನೆಯ ಜಗಲಿಯಲ್ಲಿ ಅವನು ವ್ಯಾಪಾರಿಗೆ ಬಹುವಚನ ಆಡಿದ್ದು ಅದೇ ಮೊದಲು. ಕಾಫಿ ತರಿಸಿಕೊಟ್ಟ. ಬಾಗಿಲವರೆಗೂ ಬಂದು ಕಳಿಸಿಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ತಾನು ಕೇಳಿದ್ದು ಅಡುಗೆಯವನ ವಿಷಯ, ಗುರುಗಳು ಹೇಳಿದ್ದು ಮೈಕಿನ ವಿಷಯ. ಮರುಳಯ್ಯನಿಗೆ ಗೊಂದಲವಾಯಿತು. ಆದರೆ ಆ ಗೆಳೆಯನಿಗಾದ ಅನ್ಯಾಯದ ಬಗ್ಗೆ ಕೇಳದೆ ಬಿಡಲು ಅವನಿಗೆ ಆಗಲಿಲ್ಲ.

“ಅಷ್ಟು ದಿನ ನಡೆದರೂ, ದೋಷ ಇರುವುದು ನಿಮ್ಮ ರೂಮಿನಲ್ಲೇ ಎಂದು ಆ ವ್ಯಾಪಾರಿಗೆ ಒಬ್ಬರಾದರೂ ಹೇಳಬಾರದಿತ್ತೇ ಬುದ್ಧಿ?” ಎಂದು ಕೇಳಿದ.

“ಆ ಗೆಳೆಯ ಮೊದಲ ದಿನವೇ ಹೇಳಿದ್ದ ಕಣಯ್ಯ, ಗುರುಶಾಂತಪ್ಪ ನಿನಗೂ ಹೇಳುತ್ತಲೇ ಇದ್ದಾನೆ,” ಎಂದರು ಗುರುಗಳು.